ಹನ್ನೆರಡು ಬಣ್ಣಗಳ ಗುಂಡಿ ಅಂಗಡಿ

“ಸ್ವಲ್ಪ ಸರಿಯೋ,” ಎಂದು ಅಕ್ಕ ಬೋರ್ಡನ್ನು ಮೊಣಕೈಯಿಂದ ತಳ್ಳಿದಳು. ಆರು ಸಾವಿರದ ಬಲಕ್ಕೆ ಇನ್ನೊಂದು ಸೊನ್ನೆ ಬರೆಯುತ್ತಿದ್ದ ತಮ್ಮನ ಕೈ ಜಾರಿತು. ಸೊನ್ನೆಗೊಂದು ಬಾಲ ಬಂತು.

ಅವಳಿಗೆ ಬೇಕಾಗಿದ್ದ ಖಾನೆ ಬೋರ್ಡಿನ ಹಿಂದಿತ್ತು. ಅದನ್ನು ಎಳೆದು, ಒಳಗೆ ಕೈಹಾಕಿ, ನೋಡದೆಯೇ ಆರು ಗುಂಡಿ ಎತ್ತಿಕೊಂಡು ಕೌಂಟರಿಗೆ ಹೋದಳು. ಅಲ್ಲಿ ಕೋಟು ಹೊಲಿಯುವ ಮುದುಕ ದರ್ಜಿ ಅರ್ಧ ಹೊಲಿದ ತೋಳೊಂದನ್ನು ಹಾಸಿಕೊಂಡು ನಿಂತಿದ್ದ. ಅವನು ಮಾದರಿಗೆ ತಂದಿದ್ದ ಗುಂಡಿ ಕೊಂಬಿನದು, ಒಂದು ಕಡೆ ಅಂಚು ಮುರಿದದ್ದು. ಅಕ್ಕ ಸಾಲಾಗಿ ಇಟ್ಟ ಆರರ ನಡುವೆ ಅದನ್ನೂ ಸೇರಿಸಿದರೆ, ಹಳೆಯದು ಯಾವುದೆಂದು ಮುರಿದ ಅಂಚಿನಿಂದಷ್ಟೇ ಹೇಳಬಹುದಿತ್ತು, ಬಣ್ಣದಿಂದ ಅಲ್ಲ. ದರ್ಜಿ ತಲೆದೂಗಿ ಹಣ ಇಟ್ಟ. ಒಳಗಿನ ಬೋರ್ಡಿನತ್ತ ಗಲ್ಲ ತೋರಿಸಿ, ಅಲ್ಲೇನು ನಡೆಯುತ್ತಿದೆ ಎಂದು ಕೇಳಿದ. ಆನ್‌ಲೈನ್ ಅಂಗಡಿ ತೆರೆಯುತ್ತಿದ್ದಾರೆ, ಅದಕ್ಕೆ ಬಜೆಟ್ ಹಾಕುತ್ತಿದ್ದಾರೆ ಎಂದಳು ಅಕ್ಕ.

“ಯಾರು ತೆರೀತಿರೋದು?”

“ಮಾತಾಡೋರು.”

ಮಾತಾಡುವವರು ಮೂವರು. ತಮ್ಮ ನಿಂತಿದ್ದ, ಯಾಕೆಂದರೆ ಬೋರ್ಡಿನ ಮುಂದೆ ನಿಂತವನೇ ಯಜಮಾನ ಎಂದು ಸಲಹೆಗಾರ ಅವನಿಗೆ ಹೇಳಿಕೊಟ್ಟಿದ್ದ. ಸಲಹೆಗಾರ ಕೂತಿದ್ದ. ಅವನು ತಮ್ಮನಿಗಿಂತ ಹತ್ತು ವರ್ಷ ಚಿಕ್ಕವನಾದರೂ ತಮ್ಮ ಅವನನ್ನು ಸರ್ ಎನ್ನುತ್ತಿದ್ದ. ಅವನೂ ತಮ್ಮನನ್ನು ಸರ್ ಎನ್ನುತ್ತಿದ್ದ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ದೊಡ್ಡವರಾಗಿ ಮಾಡಿಕೊಂಡಿದ್ದರು. ಸಲಹೆಗೆ ತಾನು ಹಣ ಮುಟ್ಟುವವನಲ್ಲ ಎಂದು ಸಲಹೆಗಾರ ಮೊದಲ ದಿನವೇ ಎದೆ ಮುಟ್ಟಿಕೊಂಡು ಹೇಳಿದ್ದ. ಒಟ್ಟು ಬಜೆಟ್ಟಿನ ಹತ್ತನೇ ಒಂದು ಪಾಲು ತೆಗೆದುಕೊಳ್ಳುತ್ತಾನೆ, ಅಷ್ಟೇ. ಬಜೆಟ್ ಉಬ್ಬಿದಷ್ಟೂ ಅವನ ಕಿಸೆ ಉಬ್ಬುತ್ತದೆ ಎಂದು ತಿಳಿಯಲು ಓದು ಬರಹ ಬೇಕಿರಲಿಲ್ಲ. ದುರದೃಷ್ಟಕ್ಕೆ ಅಲ್ಲಿದ್ದವರೆಲ್ಲ ಓದಿದವರು. ಇದೆಲ್ಲದರ ಮೇಲೆ, ಅವನ ಕೋಟಿನ ಕೆಳಗಿನಿಂದ ಎರಡನೇ ಗುಂಡಿ ಬಿದ್ದುಹೋಗಿ ದಾರ ನೇತಾಡುತ್ತಿತ್ತು. ಗುಂಡಿ ಅಂಗಡಿಗೆ ಮೂರು ವಾರದಿಂದ ಎಡತಾಕುತ್ತಿದ್ದರೂ ಅದು ಅವನ ಗಮನಕ್ಕೆ ಬಂದಿರಲಿಲ್ಲ. ಅಕ್ಕನ ಗಮನಕ್ಕೆ ಮೊದಲ ನಿಮಿಷವೇ ಬಂದಿತ್ತು. ಹೇಳಿರಲಿಲ್ಲ.

ಮೂರನೆಯವನು ಸೋದರಮಾವ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಊರವರ ತಕ್ಕಡಿ ಪರೀಕ್ಷೆ ಮಾಡಿ ನಿವೃತ್ತನಾದವನು. ಬಂಡವಾಳ ಅವನದು: ಆರು ಲಕ್ಷ, ಅದರ ಮೇಲೆ ಬಿಡಿಗಾಸೂ ಇಲ್ಲ. ಈ ಮಾತನ್ನು ಅವನು ಕಾಲುಗಂಟೆಗೊಮ್ಮೆ ಗಡಿಯಾರದ ಹಾಗೆ ಬಾರಿಸುತ್ತಿದ್ದ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಕಂಪ್ಯೂಟರಿನ ಕೀಲಿ ಒತ್ತಿ ಅಂಗಡಿ ತೆರೆಯುವವನೂ ಅವನೇ ಎಂದು ತೀರ್ಮಾನವಾಗಿತ್ತು. ಅದಕ್ಕಾಗಿ ಸೂಟು ಹೊಲಿಯಲು ಆಗಲೇ ಕೊಟ್ಟಿದ್ದ.

ತಮ್ಮನ ಹೆಂಡತಿಯೂ ಅಲ್ಲೇ ಮೂಲೆಯಲ್ಲಿ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಬೋರ್ಡಿನ ಮೇಲೆ ಬಂದದ್ದನ್ನೆಲ್ಲ ಟೈಪ್ ಮಾಡುತ್ತಿದ್ದಳು. ಅವಳು ಮಾತಾಡುವವರ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದ, ಕಿರಿದು. ಎರಡೂ ಗೋಡೆಗೆ ನೆಲದಿಂದ ಸೂರಿನವರೆಗೆ ಮರದ ಪುಟ್ಟ ಖಾನೆಗಳು, ಒಟ್ಟು ಒಂಬೈನೂರ ಅರವತ್ತು. ಒಂದಕ್ಕೂ ಅಂಕಿ ಇಲ್ಲ, ಹೆಸರಿಲ್ಲ. ಪ್ರತಿ ಖಾನೆಯ ಮುಖಕ್ಕೆ ಅದರೊಳಗಿನದೇ ಒಂದು ಗುಂಡಿಯನ್ನು ದಾರದಲ್ಲಿ ಕಟ್ಟಿದೆ. ಅದು ಅಪ್ಪನ ಪದ್ಧತಿ. ಅಂಕಿ ಹಾಕಿದರೆ ಜನ ಅಂಕಿಯನ್ನು ನೋಡುತ್ತಾರೆ, ಗುಂಡಿಯನ್ನಲ್ಲ ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ಅಂಗಡಿಯ ಕಾಗದಪತ್ರ ತಮ್ಮನ ಹೆಸರಿಗಾಯಿತು, ಏಣಿ ಅಕ್ಕನ ಪಾಲಿಗೆ ಬಂತು. ಇಪ್ಪತ್ತನಾಲ್ಕು ವರ್ಷದಿಂದ ಅವಳು ಅದನ್ನು ಹತ್ತುತ್ತಾಳೆ, ಇಳಿಯುತ್ತಾಳೆ. ಸಂಬಳ ಎಂಬ ಮಾತು ಆ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲ. ಬೇಕಾದಾಗ ಕೇಳಬೇಕು, ಕೇಳಿದಾಗ ಯಾಕೆಂದು ಹೇಳಬೇಕು. ಕಳೆದ ತಿಂಗಳು ಕನ್ನಡಕ ಬದಲಿಸಬೇಕು ಎಂದಾಗ ತಮ್ಮ, ಹಳೆಯದರಲ್ಲಿ ಏನು ಕಾಣುತ್ತಿಲ್ಲ ಎಂದು ಕೇಳಿದ್ದ.

ಅವಳಿಗೆ ಈಗ ನಲವತ್ತೇಳು.

ಬಾಲ ಬಂದ ಸೊನ್ನೆಯನ್ನು ತಮ್ಮ ಬೆರಳಿನಿಂದ ಒರೆಸಿ ಸರಿಮಾಡಿದ. ಅದು ಲೋಗೋದ ಸಾಲು. ಪಕ್ಕದ ಬೀದಿಯ ಬೋರ್ಡು ಬರೆಯುವವನು ಆರು ಸಾವಿರಕ್ಕೆ ಮಾಡಿಕೊಡುತ್ತೇನೆ ಎಂದಿದ್ದ. ಆರು ಸಾವಿರದ ಲೋಗೋ ಆರು ಸಾವಿರದ ಹಾಗೆಯೇ ಕಾಣುತ್ತದೆ ಎಂದು ಸಲಹೆಗಾರ ಬೇಸರದಿಂದ ಹೇಳಿದ್ದ; ಆದ್ದರಿಂದ ಅರವತ್ತು. ವೆಬ್‌ಸೈಟಿಗೆ ಒಂದು ಲಕ್ಷ ನಲವತ್ತು. ಜಾಹೀರಾತಿಗೆ ಒಂದೂವರೆ ಲಕ್ಷ. ಅಂಗಡಿಯ ಹೆಸರು ಅಚ್ಚು ಹಾಕಿಸಿದ ಪೆಟ್ಟಿಗೆಗಳಿಗೆ ಎಪ್ಪತ್ತು, ಯಾಕೆಂದರೆ ಗಿರಾಕಿ ಗುಂಡಿಯನ್ನು ಮರೆಯುತ್ತಾನಂತೆ, ಪೆಟ್ಟಿಗೆ ತೆರೆದ ಅನುಭವವನ್ನು ಮರೆಯುವುದಿಲ್ಲವಂತೆ. ಉದ್ಘಾಟನೆಗೆ ತೊಂಬತ್ತು. ಸಲಹೆಗಾರನ ಹತ್ತನೇ ಪಾಲು ಅರವತ್ತು. ಮಾವ ಒಂದೊಂದು ಅಂಕಿಗೂ ಕಣ್ಣು ಕಿರಿದು ಮಾಡಿ ನೋಡಿ, ತಕ್ಕಡಿಯ ಮುಳ್ಳು ನಡುವೆ ನಿಂತಿತು ಎನ್ನುವಂತೆ ತಲೆಯಾಡಿಸುತ್ತಿದ್ದ.

ಅಕ್ಕ ಏಣಿಯ ಎರಡನೇ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡಳು. ಬೋರ್ಡು ತುಂಬುತ್ತ ಬಂತು. ಗುಂಡಿ ಎಂಬ ಪದ ಇನ್ನೂ ಅದರ ಮೇಲೆ ಬಂದಿರಲಿಲ್ಲ.

“ಆರ್ಡರ್ ಬಂದ್ಮೇಲೆ ಅದನ್ನ ಹುಡುಕಿ ತೆಗೆಯೋರು ಯಾರು?” ಎಂದು ಕೇಳಿದಳು.

“ಯಾರು ಅಂದ್ರೆ? ನೀನಿದ್ದೀಯಲ್ಲಕ್ಕ,” ಎಂದ ತಮ್ಮ.

“ಎಣಿಸೋರು, ಕಟ್ಟೋರು, ಅಂಚೆಗೆ ಹಾಕೋರು?”

“ನೀನೇ. ನಿನ್ನಷ್ಟು ಚೆನ್ನಾಗಿ ಇನ್ಯಾರು ಮಾಡ್ತಾರೆ ಹೇಳು.”

“ಹಾಗಾದ್ರೆ ಬೋರ್ಡ್ ಮೇಲೆ ನಂಗೂ ಒಂದು ಸಾಲು ಹಾಕು. ಹೆಸರು ಬೇಡ, ಕೆಲಸ ಬರಿ. ಅದರ ಮುಂದೆ ಒಂದು ಅಂಕಿ ಬರಿ, ತಿಂಗಳಿಗೆ ಇಷ್ಟು ಅಂತ.”

ಮೂವರೂ ನಕ್ಕರು. ಕೆಟ್ಟ ನಗೆಯಲ್ಲ, ಮಗು ಚಂದ್ರ ಬೇಕೆಂದಾಗ ಹಿರಿಯರು ನಗುವ ನಗೆ. ಮಾವ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡ.

“ಮನೆ ಮಗಳಿಗೆ ಸಂಬಳ ಅಂತ ಕೊಟ್ರೆ ಅವಳು ಆಳಾಗಿಬಿಡ್ತಾಳೆ ಕಣಮ್ಮ. ನಿನ್ನ ಮರ್ಯಾದೆ ಉಳಿಸ್ತಾ ಇದ್ದೀವಿ ನಾವು.”

ತನ್ನ ಮರ್ಯಾದೆ ಇಷ್ಟು ಅಗ್ಗಕ್ಕೆ ಉಳಿಯುತ್ತಿದೆ ಎಂದು ಅಕ್ಕನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಲಹೆಗಾರ ನಡುವೆ ಬಾಯಿ ಹಾಕಿ, ಇಂಥದ್ದಕ್ಕೆ ತಮ್ಮ ಕ್ಷೇತ್ರದಲ್ಲಿ ಬೆವರಿನ ಬಂಡವಾಳ ಎನ್ನುತ್ತಾರೆ, ಎಲ್ಲ ದೊಡ್ಡ ಕಂಪನಿಗಳೂ ಅದರಿಂದಲೇ ಶುರುವಾಗಿದ್ದು ಎಂದ. ಬೆವರಿನ ಬಂಡವಾಳ ಎಂಬುದು ಎಲ್ಲರಿಗೂ ಹಿಡಿಸಿತು. ಅದು ಅಕ್ಕನ ಬೆವರಾದ್ದರಿಂದ ಇನ್ನಷ್ಟು ಹಿಡಿಸಿತು. ಬೋರ್ಡಿನ ತೀರಾ ಕೆಳಗೆ ತಮ್ಮ ‘ಹುಡುಕುವುದು, ಪ್ಯಾಕಿಂಗ್’ ಎಂದು ಬರೆದು, ಅಂಕಿಯ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದ. ಸೊನ್ನೆಯನ್ನೂ ಬರೆಯಲಿಲ್ಲ. ಸೊನ್ನೆಗಳೆಲ್ಲ ಮೇಲಿನ ಸಾಲುಗಳಿಗೆ ಬೇಕಾಗಿದ್ದವು.

ಆಮೇಲೆ ದಿನಾ ಬೆಳಗ್ಗೆ ಶಟರ್ ಎತ್ತಿ ಒಳಗೆ ಬಂದಾಗ ಅಕ್ಕನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಆ ಅಡ್ಡಗೆರೆ. ಉದ್ಘಾಟನೆಯ ದಿನದೊಳಗೆ ಅಲ್ಲೊಂದು ಅಂಕಿ ಬಂದೇ ತೀರಬೇಕು ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಎಷ್ಟೆಂಬುದು ಮುಖ್ಯವಲ್ಲ. ಯಾಕೆ ಎಂದು ಯಾರೂ ಕೇಳದ ಹಣ ತಿಂಗಳಿಗೊಮ್ಮೆ ಕೈಗೆ ಬರಬೇಕು.

ಮುಂದಿನ ವಾರ ಅವಳು ಇನ್ನೊಂದು ಪ್ರಶ್ನೆ ಕೇಳಿ ಇನ್ನಷ್ಟು ಕೆಟ್ಟವಳಾದಳು. ಅಂಗಿಯ ಒಂದು ಗುಂಡಿಯ ಬೆಲೆ ಎರಡು. ಅದನ್ನು ಪೆಟ್ಟಿಗೆಗೆ ಹಾಕಿ ಅಂಚೆಯಲ್ಲಿ ಕಳಿಸಲು ನಲವತ್ತು. ಈ ನಲವತ್ತು ಯಾರ ತಲೆಗೆ ಎಂದಳು. ಸಲಹೆಗಾರ ಉಗುರು ನೋಡಿಕೊಂಡ. ಗಿರಾಕಿ ಕೊಡುತ್ತಾನೆ ಎಂದ ತಮ್ಮ. ಎರಡರ ಗುಂಡಿಗೆ ನಲವತ್ತೆರಡು ಕೊಡುವ ಗಿರಾಕಿಯನ್ನು ತನಗೂ ಒಮ್ಮೆ ತೋರಿಸಿ ಎಂದಳು ಅಕ್ಕ. ಅಡ್ಡಮಾತು ಆಡುವುದರಲ್ಲಿ ಇವಳು ಎತ್ತಿದ ಕೈ ಎಂದು ಮಾವ ಗೊಣಗಿದ. ಸಲಹೆಗಾರ ಮಾತ್ರ ಕೋಪಿಸಿಕೊಳ್ಳಲಿಲ್ಲ. ಮೇಡಂ ಅವರದು ಹಳೆಯ ಅಂಗಡಿಯ ಯೋಚನೆ, ಸಹಜ ಎಂದ. ಹಳೆಯ ಅಂಗಡಿಯೇ ಆ ಮೂವರಿಗೂ ಚಹಾ ಕುಡಿಸುತ್ತಿತ್ತು ಎಂಬುದು ಬೇರೆ ಮಾತು.

ನಿಜವಾದ ಗಂಟು ಬಿದ್ದದ್ದು ಫೋಟೋದಲ್ಲಿ.

ಫೋಟೋ ತೆಗೆಯುವವನು ಸಲಹೆಗಾರನ ಸ್ನೇಹಿತ. ಒಂದು ಗುಂಡಿಯ ಒಂದು ಫೋಟೋಗೆ ಇನ್ನೂರು ಎಂದ. ಒಂಬೈನೂರ ಅರವತ್ತು ಬಗೆ. ತಮ್ಮ ಬೋರ್ಡಿನ ಮೂಲೆಯಲ್ಲಿ ಗುಣಿಸಿದ. ಒಂದು ಲಕ್ಷ ತೊಂಬತ್ತೆರಡು ಸಾವಿರ. ಬೋರ್ಡಿನಲ್ಲಿ ಉಳಿದಿದ್ದುದು ಮೂವತ್ತು ಸಾವಿರ. ಆಮೇಲೆ ಎಲ್ಲಿ ಕತ್ತರಿಸಬಹುದು ಎಂಬ ಚರ್ಚೆ ಶುರುವಾಯಿತು. ಎಲ್ಲೂ ಆಗುವಂತಿರಲಿಲ್ಲ. ಲೋಗೋದ ಹಣ ಕೊಟ್ಟಾಗಿತ್ತು. ವೆಬ್‌ಸೈಟಿನವರು ಅರ್ಧ ತೆಗೆದುಕೊಂಡಿದ್ದರು. ಪೆಟ್ಟಿಗೆಗಳು ಅಚ್ಚಾಗಿ ಬಂದು ಹಿಂದಿನ ಕೋಣೆಯಲ್ಲಿ ಸೂರು ಮುಟ್ಟಿದ್ದವು. ಉದ್ಘಾಟನೆಯ ಖರ್ಚಿನ ಹೆಸರೆತ್ತಿದ ಕೂಡಲೇ ಮಾವನ ಮುಖ ಗಂಟಾಯಿತು. ಸಲಹೆಗಾರನ ಪಾಲಿನ ಹೆಸರನ್ನು ಯಾರೂ ಎತ್ತಲಿಲ್ಲ. ಅವನು ಎದುರಿಗೇ ಕೂತಿದ್ದ.

ಆಗ ಫೋಟೋದವನು ಇನ್ನೊಂದು ದರ ಹೇಳಿದ. ರಾಶಿ ಹಾಕಿ, ಬೆಳಕು ಬಿಟ್ಟು, ಚೆನ್ನಾಗಿ ಜೋಡಿಸಿ ತೆಗೆಯುವ ದೊಡ್ಡ ಫೋಟೋ ಒಂದಕ್ಕೆ ಎರಡೂವರೆ ಸಾವಿರ. ತಮ್ಮ ಭಾಗಿಸಿದ. ಹನ್ನೆರಡು. ಶೇಷವೇ ಇಲ್ಲ. ಜೀವನದಲ್ಲಿ ಅವನ ಲೆಕ್ಕ ಇಷ್ಟು ಚೊಕ್ಕವಾಗಿ ಹೊಂದಿದ್ದು ಅದೇ ಮೊದಲಿರಬೇಕು. ಬೋರ್ಡಿನಿಂದ ಹಿಂದೆ ಸರಿದು ಅದನ್ನು ದೂರದಿಂದಲೂ ಒಮ್ಮೆ ನೋಡಿದ. ಜನ ಆನ್‌ಲೈನಿನಲ್ಲಿ ಹುಡುಕುವುದೇ ಬಣ್ಣದಿಂದ ಎಂದು ಸಲಹೆಗಾರ ತಕ್ಷಣ ಒತ್ತು ಕೊಟ್ಟ. ಹನ್ನೆರಡು ಬಣ್ಣ, ಹನ್ನೆರಡು ಫೋಟೋ.

ಏಣಿಯ ಮೇಲಿದ್ದ ಅಕ್ಕನ ಕಿವಿಗೆ ಹನ್ನೆರಡು ಎಂಬುದಷ್ಟೇ ಬಿತ್ತು. ಮಾದರಿಗೆಂದು ಹನ್ನೆರಡು ಗುಂಡಿಯ ಫೋಟೋ ತೆಗೆಯುತ್ತಾರೆ, ಉಳಿದ ಒಂಬೈನೂರ ನಲವತ್ತೆಂಟರ ಗತಿ ದೇವರೇ ಬಲ್ಲ ಎಂದುಕೊಂಡು, ಒಳಗೊಳಗೇ ನಕ್ಕು, ಕೆಳಗಿಳಿದು ಹೋಗಿ ಗಿರಾಕಿಯನ್ನು ನೋಡಿಕೊಂಡಳು.

ಫೋಟೋ ತೆಗೆದದ್ದು ಭಾನುವಾರ. ಅಂಗಡಿಗೆ ರಜೆ, ಅಕ್ಕ ಮನೆಯಲ್ಲಿದ್ದಳು. ಸೋಮವಾರ ಬೆಳಗ್ಗೆ ಶಟರ್ ಎತ್ತಿದಾಗ ಎಲ್ಲ ಖಾನೆಗಳೂ ಎಂದಿನಂತೆ ಮುಚ್ಚಿದ್ದವು, ಪ್ರತಿ ಮುಖದ ಮೇಲೂ ಅದರ ಗುಂಡಿ ಇತ್ತು. ಮೊದಲ ಗಿರಾಕಿ ಒಬ್ಬ ತಾಯಿ, ಶಾಲೆಯ ಅಂಗಿಗೆ ಎರಡು ಬಿಳಿ ಗುಂಡಿ ಬೇಕಿತ್ತು. ಅಕ್ಕ ಖಾನೆ ಎಳೆದು ಕೈ ಹಾಕಿದಳು. ಬೆರಳು ಮರಕ್ಕೆ ತಾಗಿತು. ಪಕ್ಕದ್ದನ್ನು ಎಳೆದಳು. ಅದರ ಪಕ್ಕದ್ದನ್ನು. ಏಣಿ ಹತ್ತಿ ಮೇಲಿನ ಸಾಲಿನಲ್ಲಿ ನಾಲ್ಕು ಎಳೆದಳು, ಇಳಿದು ಎದುರು ಗೋಡೆಯಲ್ಲಿ ಐದು. ಕೌಂಟರಿನಾಚೆ ನಿಂತ ತಾಯಿ, ಇಲ್ಲದಿದ್ದರೆ ನಾಳೆ ಬರುತ್ತೇನೆ ಬಿಡಿ ಎಂದು ಹೊರಟುಹೋದಳು. ಅವಳು ಕೇಳಿದ್ದು ಎಲ್ಲಕ್ಕಿಂತ ಸಾಧಾರಣ ಗುಂಡಿ. ಆ ಅಂಗಡಿಯಲ್ಲಿ ಅದು ಇಲ್ಲವಾದದ್ದು ಅವತ್ತೇ ಮೊದಲು.

ಹಿಂದಿನ ಕೋಣೆಯಲ್ಲಿ, ಪೆಟ್ಟಿಗೆಗಳ ಬೆಟ್ಟದ ಕೆಳಗೆ, ಮುಚ್ಚಳವಿರುವ ಹನ್ನೆರಡು ಪ್ಲಾಸ್ಟಿಕ್ ಡ್ರಮ್ಮುಗಳಿದ್ದವು. ಒಂದೊಂದರ ಮೇಲೂ ಅಚ್ಚು ಹಾಕಿದ ಚೀಟಿ: ಕೆಂಪು, ನೀಲಿ, ಹಸಿರು. ಬಿಳಿಯ ಡ್ರಮ್ಮು ಎಲ್ಲಕ್ಕಿಂತ ದೊಡ್ಡದು. ಅಕ್ಕ ಅದರ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಅದರ ಮೇಲೇ ಕೂತಳು.

ತಮ್ಮ ಹತ್ತು ಗಂಟೆಗೆ ಬಂದ, ಮುಖ ಊರಗಲ ಮಾಡಿಕೊಂಡು. ಫೋಟೋಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಸರಿಸಿ ತೋರಿಸಿದ. ಬೆಡ್‌ಶೀಟಿನ ಮೇಲೆ ಬಣ್ಣದ ಬೆಟ್ಟಗಳು. ರಾಶಿ ಫ್ರೇಮು ತುಂಬಬೇಕು ಎಂದು ಫೋಟೋದವನು ಹಟ ಹಿಡಿದನಂತೆ, ಅದಕ್ಕೆ ಪ್ರತಿ ಖಾನೆಯನ್ನೂ ತಳ ಕಾಣುವ ಹಾಗೆ ಸುರಿದರಂತೆ. ಸುರಿದದ್ದು ತಾನೇ, ಏಣಿ ಹತ್ತಿ ಹತ್ತಿ ಸೊಂಟ ಬಿದ್ದುಹೋಯಿತು ಎಂದು ಸೊಂಟ ಹಿಡಿದು ತೋರಿಸಿದ.

“ಬಿಳೀದು ಎಷ್ಟು ಖಾನೆ ಇತ್ತು ಗೊತ್ತಾ ನಿಂಗೆ?” ಎಂದು ಕೇಳಿದಳು ಅಕ್ಕ.

“ಎಷ್ಟಾದ್ರೂ ಇರಲಿ, ಈಗ ಒಂದೇ. ಎಷ್ಟು ಸುಲಭ ನೋಡು ನಿಂಗೆ. ಏಣಿ ಹತ್ತೋದೇ ಬೇಡ.”

ಇನ್ನೂರ ಹದಿನಾಲ್ಕು. ಚಿಪ್ಪಿನದು, ಮೂಳೆಯದು, ಗಾಜಿನದು, ಹಾಲಿನಿಂದ ಮಾಡುವ ಹಳೆಯ ಕಾಲದ್ದು, ಹತ್ತಾರು ನಮೂನೆಯ ಪ್ಲಾಸ್ಟಿಕ್ಕು. ಎರಡು ತೂತಿನದು, ನಾಲ್ಕು ತೂತಿನದು, ತೂತೇ ಇಲ್ಲದೆ ಬೆನ್ನಿಗೆ ಕೊಂಡಿ ಇರುವುದು. ಅಂಚು ಎದ್ದದ್ದು, ಅಂಚು ಸವೆದದ್ದು. ಬಿಳಿಯಲ್ಲೇ ಹಳದಿಗೆ ವಾಲಿದ್ದು, ನೀಲಿಗೆ ವಾಲಿದ್ದು. ಅಂಗಿಯೊಂದಕ್ಕೆ ಏಳು ಇದ್ದು ಎಂಟನೆಯದು ಒಂದು ಕೂದಲೆಳೆಯಷ್ಟು ಬೇರೆಯಾದರೂ ಆ ಅಂಗಿ ತೊಟ್ಟವನು ಹಲ್ಲುದುರಿದವನ ಹಾಗೆ ಕಾಣುತ್ತಾನೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಅಕ್ಕನಿಗೆ ಮನಸ್ಸಾಗಲಿಲ್ಲ. ಗುಂಡಿಗಳ ನಡುವೆ ಹುಟ್ಟಿ ಬೆಳೆದ ನಲವತ್ತು ವರ್ಷದ ಗಂಡಸಿಗೆ ಬಿಳಿಯಲ್ಲಿ ಬಗೆ ಇದೆ ಎಂದು ಹೇಳಿಕೊಡುವುದು ಅವನಿಗಲ್ಲದಿದ್ದರೂ ಹೇಳುವವಳಿಗೆ ಅವಮಾನ.

ತಮ್ಮನ ಹೆಂಡತಿ ಮಧ್ಯಾಹ್ನ ಬಂದಳು, ಬಂದು ಬಾಗಿಲಲ್ಲೇ ನಿಂತಳು. ಬೆಡ್‌ಶೀಟಿನ ಒಂದು ತುದಿ ಹಿಡಿದಿದ್ದವಳು ತಾನೇ ಎಂದಳು. ಎರಡನೇ ಖಾನೆ ಮೊದಲನೆಯದರ ಮೇಲೆ ಬಿದ್ದಾಗಲೇ ಮನಸ್ಸಿಗೆ ಏನೋ ಸರಿ ಇಲ್ಲ ಅನ್ನಿಸಿತಂತೆ.

“ಅನ್ನಿಸಿದ್ದನ್ನ ಬಾಯಲ್ಲಿ ಹೇಳೋದಲ್ವಾ?”

“ನನ್ನ ಯಾರು ಕೇಳ್ತಾರೆ ಅತ್ತಿಗೆ. ನಾನು ಟೈಪ್ ಮಾಡೋಳು.”

ಅಕ್ಕ ಅವಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಕನಿಕರ ಬರುವುದರಲ್ಲಿತ್ತು. ಆದರೆ ಬೋರ್ಡಿನ ಮೇಲಿನ ಆ ಅಡ್ಡಗೆರೆಯನ್ನು ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿದವಳೂ ಇವಳೇ ಎಂಬುದು ನೆನಪಾಗಿ ಕನಿಕರ ಅಲ್ಲೇ ನಿಂತಿತು.

ಮಂಗಳವಾರ ಸಲಹೆಗಾರ ತನ್ನ ಮನೆಯಿಂದಲೇ ಪರೀಕ್ಷೆಗೆಂದು ಒಂದು ಆರ್ಡರ್ ಹಾಕಿದ: ಬಿಳಿ, ಎಂಟು. ತಮ್ಮ ಹುರುಪಿನಿಂದ ಡ್ರಮ್ಮಿಗೆ ಕೈಹಾಕಿ ಎಂಟು ಎತ್ತಿ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿದ. ಎಂಟೂ ಬಿಳಿ. ಒಂದರ ಹಾಗೆ ಇನ್ನೊಂದಿಲ್ಲ. ಮತ್ತೆ ಕೈಹಾಕಿದ. ಆಮೇಲೆ ಡ್ರಮ್ಮಿನ ಪಕ್ಕ ಮಂಡಿಯೂರಿ ಕೂತು ಮುಷ್ಟಿ ಮುಷ್ಟಿ ತೆಗೆದು ನೆಲದ ಮೇಲೆ ಹರಡಿಕೊಂಡ. ಊಟದ ಹೊತ್ತಿಗೆ ಒಂದೇ ಥರದ ಮೂರು ಸಿಕ್ಕವೆಂದು ಹೆಂಡತಿಗೆ ಫೋನ್ ಮಾಡಿ ಹೇಳಿದ. ಆ ಮೂರರಲ್ಲಿ ಒಂದು ಚಿಪ್ಪಿನದು, ಎರಡು ಪ್ಲಾಸ್ಟಿಕ್ಕಿನವು ಎಂದು ಕೌಂಟರಿನಲ್ಲಿ ನಿಂತಿದ್ದ ಅಕ್ಕನಿಗೆ ಅಲ್ಲಿಂದಲೇ ಕಾಣುತ್ತಿತ್ತು. ಹಳೆಯ ಕನ್ನಡಕದಲ್ಲೇ.

ಅಷ್ಟರಲ್ಲಿ ಕೋಟಿನ ದರ್ಜಿ ಬಂದ. ಹನ್ನೆರಡು ಚಿಪ್ಪಿನ ಗುಂಡಿ, ನಾಲ್ಕು ತೂತು, ಅಂಚು ಎದ್ದದ್ದು. ತಮ್ಮ ಅವನನ್ನು ಒಳಗೆ ಕರೆದು, ಬನ್ನಿ ಯಜಮಾನರೇ, ನೀವೇ ಆರಿಸಿಕೊಳ್ಳಿ ಎಂದು ಡ್ರಮ್ಮು ತೋರಿಸಿದ. ದರ್ಜಿ ಬಗ್ಗಿ ನೋಡಿದ. ಸತ್ತವರನ್ನು ನೋಡುವಾಗಿನ ಹಾಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊರಗೆ ಬಂದು, ಅಕ್ಕನ ಎದುರು ಒಂದು ಗಳಿಗೆ ನಿಂತು, ಹೊರಟುಹೋದ.

ಬುಧವಾರಕ್ಕೆ ತಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಒಂದೂವರೆ ಲಕ್ಷದ ಜಾಹೀರಾತು ಕೆಲಸ ಮಾಡಿತ್ತು, ಅದೇ ದೊಡ್ಡ ಅನಾಹುತ. ಅಂಗಡಿ ತೆರೆಯುವ ಮೊದಲೇ ಮೂವತ್ತೊಂದು ಆರ್ಡರ್ ಬಂದಿದ್ದವು, ಅದರಲ್ಲಿ ಹತ್ತೊಂಬತ್ತು ಬಿಳಿ. ಒಬ್ಬಳು ಎರಡು ಡಜನ್ ಕೇಳಿ, ಎಲ್ಲವೂ ಒಂದೇ ಥರ ಇರಲಿ ಎಂದು ಕೆಳಗೆ ಬರೆದಿದ್ದಳು. ಸಲಹೆಗಾರ ಅದನ್ನು ಓದಿ, ಇಂಥ ಗಿರಾಕಿಗಳು ನಮಗೆ ಬೇಡ ಎಂದ. ಉದ್ಘಾಟನೆ ಶುಕ್ರವಾರ. ನೂರಾ ಐವತ್ತು ಜನರಿಗೆ ಆಹ್ವಾನ ಹೋಗಿತ್ತು. ಮಾವನ ಸೂಟು ಬಂದಿತ್ತು. ತೂಕದ ಇಲಾಖೆಯ ಮನುಷ್ಯ ಬಹಳ ಯೋಚಿಸಿ, ಹಾಗಾದರೆ ಕಿಲೋ ಲೆಕ್ಕದಲ್ಲಿ ಮಾರಿಬಿಡೋಣ ಎಂದ. ಯಾರೂ ನಗಲಿಲ್ಲ, ಯಾಕೆಂದರೆ ಆ ಮೂರು ದಿನದಲ್ಲಿ ಅಲ್ಲಿ ಹುಟ್ಟಿದ ಒಳ್ಳೆಯ ಯೋಚನೆ ಅದೊಂದೇ.

ಈ ಮಾತು ನಡೆಯುವಾಗ ಅಕ್ಕ ಹಿಂದಿನ ಕೋಣೆಯಲ್ಲಿದ್ದಳು. ಬಿಳಿಯ ಡ್ರಮ್ಮಿನ ಮುಚ್ಚಳ ತೆರೆದೇ ಇತ್ತು. ಸುಮ್ಮನೆ, ಎಷ್ಟು ಹಾಳಾಗಿದೆ ಎಂದು ನೋಡಲು, ಒಳಗೆ ಕೈ ಇಳಿಬಿಟ್ಟಳು. ಮೊಣಕೈಯವರೆಗೆ ತಣ್ಣಗಾಯಿತು. ಗುಂಡಿಗಳು ಬೆರಳ ಸಂದಿಯಲ್ಲಿ ಜಾರಿದವು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಡ್ರಮ್ಮಿನ ಅಂಚಿನ ಮೇಲೆ ಐದು ಚಿಪ್ಪಿನ ಗುಂಡಿಗಳು ಸಾಲಾಗಿ ಕೂತಿವೆ. ನಾಲ್ಕು ತೂತು, ಅಂಚು ಎದ್ದದ್ದು, ಐದೂ ಒಂದೇ. ತೆಗೆದಿಟ್ಟದ್ದು ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತ್ತು, ಯಾರೂ ಕೇಳದೆ, ಯಾರೂ ಹೇಳದೆ, ಇಪ್ಪತ್ತನಾಲ್ಕು ವರ್ಷದಿಂದ ಮಾಡಿಕೊಂಡು ಬಂದ ಹಾಗೆ. ಬಿಟ್ಟರೆ ಇವತ್ತು ಬಿಳಿ, ನಾಳೆ ಕಪ್ಪು, ಎಂಟು ತಿಂಗಳಲ್ಲಿ ಹನ್ನೆರಡೂ ಡ್ರಮ್ಮು ಖಾಲಿ ಮಾಡಿ, ಒಂಬೈನೂರ ಅರವತ್ತು ಖಾನೆ ತುಂಬಿಸಿ, ಎಲ್ಲ ಮೊದಲಿನ ಹಾಗೆ ಮಾಡಿಟ್ಟುಬಿಡುತ್ತಿತ್ತು. ಅವರು ಮತ್ತೆ ಬಂದು ಸುರಿಯುವವರೆಗೆ.

ಆ ಮೂವರ ಮೇಲೆ ಇಷ್ಟು ವಾರದಿಂದ ಉಕ್ಕುತ್ತಿದ್ದ ತಿರಸ್ಕಾರ ಆ ಗಳಿಗೆ ತಿರುಗಿ ತನ್ನ ಕೈಗಳ ಮೇಲೇ ಬಂತು. ಅವರು ದಡ್ಡರು, ಸರಿ. ಈ ಕೈಗಳಿಗೇನು ಬಂದಿತ್ತು?

ಅಕ್ಕ ಐದೂ ಗುಂಡಿಗಳನ್ನು ಅಂಗೈಯಿಂದ ಸವರಿ ಡ್ರಮ್ಮಿನೊಳಗೆ ತಳ್ಳಿದಳು. ಅವು ಬಿಳಿಯಲ್ಲಿ ಮುಳುಗಿ ಬಿಳಿಯಾದವು.

ಮುಂದಿನ ಕೋಣೆಯಿಂದ ತಮ್ಮ ಕರೆದ. ಅವಳು ಹೋದಾಗ ಮೂವರೂ ಎದ್ದು ನಿಂತಿದ್ದರು. ಕುರ್ಚಿಯೊಂದನ್ನು ಅವಳಿಗಾಗಿ ಖಾಲಿ ಬಿಟ್ಟಿದ್ದರು. ಅವಳು ಕೂರಲಿಲ್ಲ. ಬೋರ್ಡಿನ ಮೇಲೆ ‘ಅನಿರೀಕ್ಷಿತ’ ಎಂದು ಹೊಸದೊಂದು ಸಾಲು ಬಂದಿತ್ತು, ಅದರ ಮುಂದೆ ಮೂರು ಸಾವಿರ. ವೇದಿಕೆಯ ದೀಪಾಲಂಕಾರದಲ್ಲಿ ಉಳಿಸಿದ್ದು ಎಂದು ಮಾವ ತ್ಯಾಗ ಮಾಡಿದವನ ದನಿಯಲ್ಲಿ ಹೇಳಿದ. ಅದು ಯಾವುದಕ್ಕೆ ಎಂದು ಕೇಳಿದಳು ಅಕ್ಕ. ವಿಂಗಡಿಸುವುದಕ್ಕೆ, ನಿನಗೆ ಎಂದ ತಮ್ಮ. ಇಪ್ಪತ್ತನಾಲ್ಕು ವರ್ಷದಿಂದ ಬೆಳಗ್ಗೆ ಒಂಬತ್ತಕ್ಕೆ ಶಟರ್ ಎತ್ತುತ್ತಿದ್ದವಳು ಕೊನೆಗೂ ಅವರ ಬಜೆಟ್ಟಿಗೆ ಬಂದಿದ್ದಳು, ಅನಿರೀಕ್ಷಿತವಾಗಿ.

ಅವಳ ಮೌನವನ್ನು ಅವರು ಚೌಕಾಸಿ ಎಂದುಕೊಂಡರು. ಮೂರು ಐದಾಯಿತು, ಐದು ಹತ್ತಾಯಿತು. ಸಲಹೆಗಾರ ಮುಂದೆ ಬಂದು, ಮೇಡಂ ಅವರ ಫೋಟೋವನ್ನೇ ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕೋಣ, ಏಣಿಯ ಮೇಲೆ ನಿಂತಿರುವ ಹಾಗೆ, ಜನರಿಗೆ ಇಂಥದ್ದು ಬಹಳ ಇಷ್ಟ ಎಂದು ಬೆಣ್ಣೆ ಹಚ್ಚಿದ. ಅದಕ್ಕೂ ಎರಡೂವರೆ ಸಾವಿರ ಆಗುತ್ತದೆ ಎಂಬುದು ತಕ್ಷಣ ನೆನಪಾಗಿ ಬಾಯಿ ಮುಚ್ಚಿಕೊಂಡ. ಉದ್ಘಾಟನೆಯ ದಿನ ಕೀಲಿಯನ್ನು ಬೇಕಾದರೆ ನೀನೇ ಒತ್ತಮ್ಮ ಎಂದ ಮಾವ.

ಕೊನೆಗೆ ತಮ್ಮ ಬಟ್ಟೆ ತೆಗೆದುಕೊಂಡು ಬೋರ್ಡಿನ ತಳದ ಅಡ್ಡಗೆರೆಯನ್ನು ಒರೆಸಿದ. ಬಹಳ ದಿನ ಇದ್ದದ್ದರಿಂದ ಅದು ಸುಲಭಕ್ಕೆ ಹೋಗಲಿಲ್ಲ. ಉಗುಳು ಹಚ್ಚಿ ಉಜ್ಜಬೇಕಾಯಿತು. ಆ ಜಾಗದಲ್ಲಿ ‘ಅಕ್ಕ, ತಿಂಗಳ ಸಂಬಳ’ ಎಂದು ಬರೆದ. ಮುಂದೆ ಖಾಲಿ ಬಿಟ್ಟ. ಪೆನ್ನನ್ನು ಅವಳತ್ತ ಚಾಚಿದ. ನೆಲದ ಮೇಲೆ ಮಂಡಿಯೂರಿ ಕೂತು ಅವನ ಪ್ಯಾಂಟಿನ ಮೊಣಕಾಲು ಧೂಳಾಗಿತ್ತು. ಅವನು ಚಿಕ್ಕವನಿದ್ದಾಗ ಇದೇ ನೆಲದ ಮೇಲೆ ಹೀಗೇ ಬಿದ್ದು ಅತ್ತಾಗ ಅವಳು ಎಷ್ಟೋ ಸಲ ಎತ್ತಿ ಸುಮ್ಮನಿರಿಸಿದ್ದಳು.

“ನೀನೇ ಬರಿಯಕ್ಕ. ಎಷ್ಟು ಅನ್ಸುತ್ತೋ ಅಷ್ಟು ಬರಿ, ನಾನೊಂದು ಮಾತೂ ಕೇಳಲ್ಲ. ಬಿಳೀದೊಂದು ಶುಕ್ರವಾರದೊಳಗೆ ಮುಗಿಸಿಕೊಡು, ಉಳಿದದ್ದು ನಿಧಾನಕ್ಕೆ ಮಾಡುವಿಯಂತೆ.”

ತಮ್ಮನ ಹೆಂಡತಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಮಾವ ಅಕ್ಕನ ಕೈಯನ್ನೇ ನೋಡುತ್ತಿದ್ದ. ಅಕ್ಕ ಆ ಖಾಲಿ ಜಾಗವನ್ನು ನೋಡಿದಳು. ಅಲ್ಲಿ ಯಾವ ಅಂಕಿ ಬೇಕಾದರೂ ಹಿಡಿಸುತ್ತಿತ್ತು.

“ನಾನು ಮಾಡಲ್ಲ,” ಎಂದಳು.